ವ್ಯಾಲೆಟಾದಲ್ಲಿ ಒಂದು ಹಗಲು: ಮೊಣಕಾಲು ನೋವಿನ ಅಮ್ಮನ್ನ ಹಡಗಿಂದ ಇಳಿಸೋದಾ, ಬೇಡ್ವಾ?

ಕಡಲಂಚು · ಸೆಪ್ಟೆಂಬರ್ 12, ರಾತ್ರಿ 9:40

ಅಕ್ಟೋಬರ್ ಮೊದಲ ವಾರ ನಾನು, ನಮ್ಮನೆಯವರು, ನಮ್ಮಮ್ಮ ಮೂರೂ ಜನ ಮೆಡಿಟರೇನಿಯನ್ ಕ್ರೂಸ್‌ಗೆ ಹೋಗ್ತಿದೀವಿ. ಏಳು ರಾತ್ರಿ. ರೋಮ್ ಹತ್ತಿರದ ಚಿವಿಟವೆಕ್ಕಿಯಾದಲ್ಲಿ ಹಡಗು ಹತ್ತೋದು. ನಡುವೆ ಒಂದು ದಿನ ಮಾಲ್ಟಾದ ವ್ಯಾಲೆಟಾ, ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ.

ಅಮ್ಮನಿಗೆ 71. ಎರಡೂ ಮೊಣಕಾಲು ಸವೆದಿದೆ, ಬಲಗಾಲು ಜಾಸ್ತಿ. ಆಪರೇಷನ್ ಮಾತೆತ್ತಿದ್ರೆ ಎದ್ದು ಒಳಗೆ ಹೋಗ್ತಾಳೆ. ಸಮತಟ್ಟಾದ ಜಾಗದಲ್ಲಿ ಇನ್ನೂರು ಮೀಟರ್ ನಡೀತಾಳೆ, ಆಮೇಲೆ ಕೂರಲೇಬೇಕು. ಕಂಬಿ ಇದ್ರೆ ಹತ್ತು ಹನ್ನೆರಡು ಮೆಟ್ಟಿಲು ಹತ್ತುತಾಳೆ, ಇಳಿಯೋಕೆ ಮಾತ್ರ ಆಗಲ್ಲ. ಒಂದು ಮಡಚೋ ವೀಲ್‌ಚೇರ್ ತಗೊಳ್ಳೋಣ ಅಂದ್ರೆ, ನಾನೇನು ಆಸ್ಪತ್ರೆ ಕೇಸಾ ಅಂತಾಳೆ.

ಫೋಟೋಗಳಲ್ಲಿ ನೋಡಿದ್ರೆ ಊರು ಪೂರ್ತಿ ಮೆಟ್ಟಿಲು. ಬಂದರಲ್ಲಿ ನಿಂತು ತಲೆ ಎತ್ತಿದ್ರೆ ಬರೀ ಕೋಟೆ ಗೋಡೆ. ಹಡಗಿನವರ ಪಟ್ಟೀಲಿ ‘ಸುಲಭ’ ಅಂತ ಗುರುತು ಹಾಕಿರೋ ಒಂದು ನಡಿಗೆ ಟೂರ್ ಇದೆ. ಅದನ್ನ ತಗೊಳ್ಳೋದಾ? ಇಲ್ಲ ಅಮ್ಮನ್ನ ಹಡಗಲ್ಲೇ ಬಿಟ್ಟು ನಾವಿಬ್ರು ಎರಡು ಗಂಟೆ ಹೋಗಿಬರೋದಾ? ಹೋಗಿ ಬಂದೋರು ಹೇಳಿ.

ಹಳೇಚಪ್ಪಲಿ · ಸೆಪ್ಟೆಂಬರ್ 12, ರಾತ್ರಿ 10:15

ನೋಡ್ರಿ ಅಕ್ಕಾರ, ಖರೇ ಹೇಳ್ತೀನಿ. ನಾವು ಹೋದ ವರ್ಷ ಹೋಗಿದ್ವಿ. ನಮ್ಮ ಅಪ್ಪಾಜಿನ್ನ ಅಂಥಾದ ಒಂದು ‘ಸುಲಭ’ ಟೂರಿಗೆ ಕರಕೊಂಡು ಹೋದ್ವಿ. ಸುಲಭ ಅಂದ್ರ ಯಾರಿಗೆ ಸುಲಭ ಅಂತ ಮೊದಲ ಕೇಳಬೇಕಿತ್ತು, ಕೇಳಲಿಲ್ಲ. ನಡಿಯೂದು ಕಡಿಮಿನ ಇತ್ತು, ಅದರಾಗ ಸುಳ್ಳಿಲ್ಲ. ಆದ್ರ ಆ ಗೈಡ್ ಒಂದೊಂದು ಕಟ್ಟಡದ ಮುಂದ ಇಪ್ಪತ್ತಿಪ್ಪತ್ತು ನಿಮಿಷ ನಿಂದರಿಸಿ ಕಥಿ ಹೇಳಿದ. ಬಿಸಿಲಾಗ. ಕೂಡಾಕ ಒಂದು ಕಟ್ಟಿ ಇಲ್ಲ. ಮೂರನೇ ಕಥಿಗೆ ಅಪ್ಪಾಜಿ ಯಾವುದೋ ಬಾಗಲದ ಮೆಟ್ಟಲ ಮ್ಯಾಲ ಕುಂತಬಿಟ್ರು. ಗುಂಪು ಮುಂದ ಹೋತು, ನಾವು ಹಿಂದ ಉಳದ್ವಿ. ಕೊಟ್ಟ ರೊಕ್ಕ ಹೋತು ಅಂತ ಅಲ್ಲ, ಎಲ್ಲಾರ ಮುಂದ ಹಿಂಗಾತಲ್ಲ ಅಂತ ಅಪ್ಪಾಜಿ ಎರಡು ದಿನ ಮಾತಾಡಲಿಲ್ಲ.

ಅದಕ್ಕ ನನ್ನ ಮಾತು, ಅಮ್ಮಾರು ಹಡಗಿನಾಗ ಇರಲಿ. ಅವತ್ತು ಹಡಗು ಖಾಲಿ ಇರ್ತದ, ಡೆಕ್ಕಿನ ಮ್ಯಾಲಿನ ಕುರ್ಚಿ ಎಲ್ಲಾ ಅವರವ.

ಮೂರನೇಕಾಲು · ಸೆಪ್ಟೆಂಬರ್ 13, ಬೆಳಿಗ್ಗೆ 6:05

ಹಳೇಚಪ್ಪಲಿಯವರ ಅನುಭವ ನಿಜ, ತೀರ್ಮಾನ ಮಾತ್ರ ನಾನು ಒಪ್ಪಲ್ಲ. ನನಗೆ 68, ಎಡ ಸೊಂಟದ ಕೀಲು ಬದಲಾಯಿಸಿದೆ, ಕೋಲಿಲ್ಲದೆ ಹೆಜ್ಜೆ ಇಡಲ್ಲ. ವ್ಯಾಲೆಟಾಗೆ ಎರಡು ಸಲ ಹೋಗಿದೀನಿ, ಎರಡೂ ಸಲ ಹಡಗಿಂದಲೇ. ಮೊದಲನೇ ಸಲ ಪೆದ್ದನ ಹಾಗೆ ಸುತ್ತಿ, ಮುಂದಿನ ಎರಡು ಬಂದರುಗಳನ್ನ ಕ್ಯಾಬಿನ್ ಕಿಟಕಿಯಿಂದ ನೋಡಿದೆ. ಎರಡನೇ ಸಲ ಊರಿನ ಗುಟ್ಟು ಗೊತ್ತಿತ್ತು.

ಊರು ಕೂತಿರೋದು ಶಿಬೆರಾಸ್ ಅನ್ನೋ ಗುಡ್ಡದ ಬೆನ್ನ ಮೇಲೆ. ಎರಡು ಪಕ್ಕ ಬಂದರು, ನಡುವೆ ನಾಲಿಗೆ ಚಾಚಿದ ಹಾಗೆ ಗುಡ್ಡ. 1565ರ ತುರ್ಕರ ಮುತ್ತಿಗೆ ಮುಗಿದ ಮಾರನೇ ವರ್ಷವೇ ಸೇಂಟ್ ಜಾನ್ ಪಂಗಡದ ನೈಟ್‌ಗಳು (ಕ್ರೈಸ್ತ ಯೋಧರು) ಇಲ್ಲಿ ಊರು ಕಟ್ಟೋಕೆ ಹೊರಟರು. ಲಪರೆಲ್ಲಿ ಅನ್ನೋ ಇಟಲಿಯ ಎಂಜಿನಿಯರ್ ಗುಡ್ಡದ ನೆತ್ತಿ ಕಡಿದು ಮಟ್ಟ ಮಾಡೋ ಯೋಚನೆ ಹಾಕಿದ್ದ. ತುರ್ಕರು ಮತ್ತೆ ಬಂದುಬಿಟ್ರೆ ಅನ್ನೋ ಭಯದಲ್ಲಿ ಅವಸರ ಆಯ್ತು, ಮಟ್ಟ ಮಾಡೋ ಕೆಲಸ ಕೈಬಿಟ್ಟುಹೋಯ್ತು. ಚದುರಂಗದ ಮಣೆ ಥರ ಗೆರೆ ಎಳೆದಿದ್ದ ಬೀದಿಗಳನ್ನ ಗುಡ್ಡ ಹೇಗಿತ್ತೋ ಹಾಗೇ ಅದರ ಮೇಲೆ ಹಾಸಿಬಿಟ್ಟರು. ನಿಮ್ಮಮ್ಮನ ಮೊಣಕಾಲಿಗೆ ಇವತ್ತು ಆಗ್ತಿರೋ ತೊಂದರೆಗೆ ಆ ಅವಸರವೇ ಕಾರಣ ಅಂತ ಇಟ್ಟುಕೊಳ್ಳಿ.

ಆದರೆ ಇದರಲ್ಲೇ ದಾರಿಯೂ ಇದೆ. ಉದ್ದಕ್ಕೆ ಹೋಗೋ ಬೀದಿಗಳು, ಅಂದ್ರೆ ರಿಪಬ್ಲಿಕ್ ಸ್ಟ್ರೀಟ್, ಮರ್ಚೆಂಟ್ಸ್ ಸ್ಟ್ರೀಟ್, ಬೆನ್ನಿನ ಮೇಲೇ ಸಾಗ್ತವೆ. ಅಡ್ಡ ಬೀದಿಗಳು ಎರಡೂ ಪಕ್ಕಕ್ಕೆ ಜಾರ್ತಾ ಜಾರ್ತಾ ಮೆಟ್ಟಿಲಾಗ್ತವೆ. ಉದ್ದ ಬೀದಿ ಹಿಡೀರಿ, ಅಡ್ಡ ಬೀದಿ ಬಿಡಿ. ಇನ್ನೊಂದು ಮಾತು: ರಿಪಬ್ಲಿಕ್ ಸ್ಟ್ರೀಟ್ ಕೂಡ ಅರಮನೆ ಚೌಕ ದಾಟಿದ ಮೇಲೆ ಸೇಂಟ್ ಎಲ್ಮೋ ಕೋಟೆ ಕಡೆಗೆ ಇಳೀತಾ ಹೋಗುತ್ತೆ. ಹೋಗುವಾಗ ಏನೂ ಅನ್ಸಲ್ಲ, ವಾಪಸ್ ಬರುವಾಗ ಬೆಟ್ಟ. ಚೌಕದಲ್ಲೇ ತಿರುಗಿ. ನಾನು ಮೊದಲ ಸಲ ಕೆಟ್ಟಿದ್ದು ಅಲ್ಲೇ.

ಇನ್ನು ಬಂದರಿಂದ ಮೇಲಕ್ಕೆ. ಹಡಗು ನಿಲ್ಲೋದು ಗ್ರ್ಯಾಂಡ್ ಹಾರ್ಬರ್ ಒಳಗಿನ ಪಿಂಟೋ ವಾರ್ಫ್‌ನಲ್ಲಿ. ನೀರಂಚಲ್ಲೇ ಹತ್ತು ಹದಿನೈದು ನಿಮಿಷ ಹೋದ್ರೆ (ಇದು ಗಟ್ಟಿ ಕಾಲಿನೋರ ಲೆಕ್ಕ) ಅಪ್ಪರ್ ಬರಕ್ಕಾ ಲಿಫ್ಟ್. ಗೋಡೆ ಪಕ್ಕದಲ್ಲಿ ಎತ್ತರಕ್ಕೆ ನಿಂತ ಲೋಹದ ಪಂಜರ, ದೂರದಿಂದಲೇ ಕಾಣುತ್ತೆ. ಮೊದಲು 1905ರಿಂದ 1973ರವರೆಗೆ ಒಂದು ಲಿಫ್ಟ್ ಇತ್ತು, 1983ರಲ್ಲಿ ಅದನ್ನ ಬಿಚ್ಚಿಹಾಕಿದ್ರು. ಈಗಿರೋದು 2012ರದ್ದು, 58 ಮೀಟರ್. ಅರ್ಧ ನಿಮಿಷದಲ್ಲಿ ಮೇಲಿನ ತೋಟಕ್ಕೆ ಬಿಡುತ್ತೆ. ಚಿಲ್ಲರೆ ಯೂರೋ ಜೇಬಲ್ಲಿರಲಿ.

ಕಡಲಂಚು · ಸೆಪ್ಟೆಂಬರ್ 13, ಬೆಳಿಗ್ಗೆ 8:20

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಲಿಫ್ಟ್ ಇದೆ ಅಂತಾನೇ ಗೊತ್ತಿರಲಿಲ್ಲ. ಆದ್ರೂ ಆ ಹದಿನೈದು ನಿಮಿಷದ ನಡಿಗೆ ಅಮ್ಮನಿಗೆ ಆಗಲ್ಲ. ಹಡಗಲ್ಲಿ ವೀಲ್‌ಚೇರ್ ಕೊಡಲ್ವಾ?

ಡೆಕ್ಕಿನಮೂಲೆ · ಸೆಪ್ಟೆಂಬರ್ 13, ಮಧ್ಯಾಹ್ನ 1:30

ಕೊಡುವುದು ಹತ್ತಿಸಲಿಕ್ಕೆ ಇಳಿಸಲಿಕ್ಕೆ ಮಾತ್ರ ಮಾರಾಯ್ರೆ. ನಾನು ಒಂಬತ್ತು ವರ್ಷ ಹಡಗಿನಲ್ಲಿ ಕೆಲಸ ಮಾಡಿದವ. ದಿನಾ ಬೆಳಿಗ್ಗೆ ಹತ್ತು ಜನ ಇದೇ ಕೇಳುವುದು, ನಾವು ಇಲ್ಲ ಅನ್ನುವುದು, ಅವರಿಗೆ ಸಿಟ್ಟು ಬರುವುದು. ಹಡಗಿನ ಕುರ್ಚಿ ಊರು ಸುತ್ತಲಿಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ನಿಮ್ಮದೇ ಮಡಚುವ ಕುರ್ಚಿ ತನ್ನಿ, ಇಲ್ಲವೆ ಬಾಡಿಗೆಗೆ ಮೊದಲೇ ಹೇಳಿ ಕ್ಯಾಬಿನಿಗೆ ತರಿಸಿಕೊಳ್ಳಿ. ಅದು ಕ್ಯಾಬಿನಿನ ಒಳಗೆ ಹಿಡಿಯಬೇಕು. ಹೊರಗೆ ಓಣಿಯಲ್ಲಿ ಇಡಲಿಕ್ಕೆ ಬಿಡುವುದಿಲ್ಲ, ಬೆಂಕಿ ಬಿದ್ದರೆ ಜನ ಓಡುವ ದಾರಿ ಅದು.

ಇನ್ನೊಂದು ವಿಷಯ ಉಂಟು. ಐರೋಪ್ಯ ಒಕ್ಕೂಟದ ಬಂದರಿನಲ್ಲಿ ಹತ್ತುವ ಕ್ರೂಸ್‌ಗೆ 1177/2010 ಎಂಬ ನಿಯಮ ಅನ್ವಯ ಆಗ್ತದೆ, 2012ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಓಡಾಟಕ್ಕೆ ಕಷ್ಟ ಇದ್ದವರಿಗೆ ಹತ್ತಲು ಇಳಿಯಲು ಸಹಾಯ ಪುಕ್ಕಟೆ ಕೊಡಬೇಕು. ನೀವು ಕಡಿಮೆ ಎಂದರೆ 48 ಗಂಟೆ ಮುಂಚೆ ತಿಳಿಸಬೇಕು. ಟಿಕೆಟ್ ಮಾಡುವಾಗಲೇ ಬರೆದು ಹಾಕಿದರೆ ಇನ್ನೂ ಒಳ್ಳೆಯದು. ಬಾಯಿಮಾತು ಬೇಡ, ಇಮೇಲ್ ಮಾಡಿ, ಉತ್ತರ ಫೋನಿನಲ್ಲಿ ಇಟ್ಟುಕೊಳ್ಳಿ.

ವ್ಯಾಲೆಟಾದಲ್ಲಿ ಹಡಗು ಕಟ್ಟೆಗೇ ತಾಗಿ ನಿಲ್ಲುವುದು ದೊಡ್ಡ ಭಾಗ್ಯ. ಸ್ಯಾಂಟೊರಿನಿಯಂಥ ಕಡೆ ಹಡಗು ನೀರಿನ ನಡುವೆಯೇ ನಿಂತು ಸಣ್ಣ ಬೋಟಿನಲ್ಲಿ ಜನರನ್ನು ದಡಕ್ಕೆ ಬಿಡ್ತಾರೆ. ಅಲೆ ಇದ್ದ ದಿನ ಕುರ್ಚಿಯವರಿಗೆ ಬೇಡ ಎಂದೇ ಹೇಳ್ತಾರೆ, ಹೇಳಲೇಬೇಕಾಗ್ತದೆ. ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ, ಅವರ ಮುಖ ಈಗಲೂ ನೆನಪುಂಟು. ನಿಮ್ಮ ಪಟ್ಟಿಯಲ್ಲಿ ಬೇರೆ ಯಾವ ಬಂದರಿಗೆ ‘ಟೆಂಡರ್’ ಎಂದು ಬರೆದಿದೆ ನೋಡಿಕೊಳ್ಳಿ.

ಇಳಿಯುವ ಹೊತ್ತು: ಬಾಗಿಲು ತೆರೆದ ಕೂಡಲೇ ಎಲ್ಲರೂ ನುಗ್ಗುವುದು. ಮುಕ್ಕಾಲು ಗಂಟೆ ಬಿಟ್ಟು ಬನ್ನಿ. ಹಡಗಿನ ಲಿಫ್ಟ್ ಖಾಲಿ, ಹಡಗಿನಿಂದ ಕಟ್ಟೆಗೆ ಇಳಿಯುವ ದಾರಿ ಉಂಟಲ್ಲ, ಆ ಗ್ಯಾಂಗ್‌ವೇ ಖಾಲಿ, ನಮ್ಮ ಹುಡುಗರಿಗೂ ಪುರುಸೊತ್ತು. ಆ ಸಮುದ್ರದಲ್ಲಿ ಉಬ್ಬರ ಇಳಿತ ಕಡಿಮೆ, ಮಾಲ್ಟಾದಲ್ಲಿ ಒಂದು ಗೇಣಿನಷ್ಟು. ಹಾಗಾಗಿ ಬೆಳಿಗ್ಗೆ ಸಪಾಟಾಗಿದ್ದ ಗ್ಯಾಂಗ್‌ವೇ ಸಂಜೆಗೆ ಕಡಿದಾಗಿ ಬಿಡುವ ಹೆದರಿಕೆ ಇಲ್ಲ.

ಗಾಲಿಗೆಳತಿ · ಸೆಪ್ಟೆಂಬರ್ 13, ಸಂಜೆ 5:10

ಒಂದು ಪ್ರಶ್ನೆ. ಇಷ್ಟು ಜನ ಇಷ್ಟೊಂದು ಬರೆದಿದೀರ, ಅಮ್ಮನ್ನ ಯಾರಾದ್ರೂ ಕೇಳಿದ್ರಾ?

ನಾನು ಹನ್ನೊಂದು ವರ್ಷದಿಂದ ವೀಲ್‌ಚೇರ್‌ನಲ್ಲಿದೀನಿ. ‘ಇಳಿಸೋದಾ ಬೇಡ್ವಾ’ ಅನ್ನೋ ಮಾತು ಓದಿದ್ರೆ ಸೂಟ್‌ಕೇಸ್ ನೆನಪಾಗುತ್ತೆ. ಇಳಿಸೋಕೆ ಅವರೇನು ಲಗೇಜಾ? ಹಡಗಲ್ಲೇ ಇರ್ತೀನಿ ಅಂತ ಅವರೇ ಹೇಳಿದ್ರೆ ಅದು ಬೇರೆ. ನೀವಿಬ್ರು ತೀರ್ಮಾನ ಮಾಡಿ ಆಮೇಲೆ ‘ನಿನಗೆ ಸುಸ್ತಾಗುತ್ತಮ್ಮ’ ಅಂತ ಹೇಳೋದು ಬೇರೆ.

ಕಡಲಂಚು · ಸೆಪ್ಟೆಂಬರ್ 13, ರಾತ್ರಿ 9:55

ಚುರುಕ್ ಅಂತು, ಆದ್ರೆ ನೀವು ಹೇಳಿದ್ದು ಸರಿ. ಇವತ್ತು ರಾತ್ರಿ ಊಟ ಆದ್ಮೇಲೆ ಕೂತು ಕೇಳಿದೆ: ಆ ಊರಲ್ಲಿ ಏನು ನೋಡ್ಬೇಕು ನಿಂಗೆ? ಅಮ್ಮ ಯೋಚನೇನೇ ಮಾಡ್ಲಿಲ್ಲ. ದಿನಾ ಹನ್ನೆರಡು ಗಂಟೆಗೆ ಅಲ್ಲಿ ತೋಪು ಹಾರಿಸ್ತಾರಂತೆ, ಟೀವೀಲಿ ನೋಡಿದೀನಿ, ಅದನ್ನ ನೋಡ್ಬೇಕು ಅಂದ್ಲು. ನಾನು ಚರ್ಚು ಅರಮನೆ ಅಂತ ಪಟ್ಟಿ ಮಾಡಿಟ್ಟಿದ್ದೆ.

ಮೂರನೇಕಾಲು · ಸೆಪ್ಟೆಂಬರ್ 14, ಬೆಳಿಗ್ಗೆ 5:50

ತಂಗಿ, ನಿಮ್ಮಮ್ಮ ಜಾಣೆ. ಲಿಫ್ಟ್ ಮೇಲೆ ಬಂದು ನಿಲ್ಲೋದೇ ಆ ತೋಪಿನ ನೆತ್ತಿ ಮೇಲೆ. ಅಪ್ಪರ್ ಬರಕ್ಕಾ ತೋಟ, ಕಮಾನುಗಳ ಸಾಲು, ಕೆಳಗಿನ ಕಟ್ಟೆ ಮೇಲೆ ಬಂದರಿಗೆ ಮುಖ ಮಾಡಿ ಸಾಲಾಗಿ ತೋಪು. ಹಿಂದೆ ಹಡಗಿನ ಕಪ್ತಾನರು ಈ ಸದ್ದಿಗೆ ಗಡಿಯಾರ ಸರಿ ಮಾಡಿಕೊಳ್ತಿದ್ದರು. ಈಗ ಹಳೇ ಕಾಲದ ಸಮವಸ್ತ್ರ ಹಾಕಿಕೊಂಡು ಕವಾಯತು ಮಾಡಿ ಹಾರಿಸ್ತಾರೆ. ಸಾಯಂಕಾಲ 4ಕ್ಕೂ ಒಂದು ಸಲ ಇರುತ್ತೆ, ಆದರೆ ನಿಮ್ಮ ಹಡಗು 5ಕ್ಕೆ ಹೊರಡೋದ್ರಿಂದ ಅದನ್ನ ಮರೆತುಬಿಡಿ. ತೋಪಿನ ಹತ್ತಿರ ಹೋಗೋಕೆ ಮೆಟ್ಟಿಲು ಇಳೀಬೇಕು, ಬೇಡ. ಮೇಲಿಂದ ನೋಡೋದಕ್ಕೆ ಕಾಸೂ ಇಲ್ಲ, ನೋಟವೂ ಚೆನ್ನ.

ಒಂದೇ ತೊಂದರೆ: ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಕಂಬಿ ಪೂರ್ತಿ ಜನ ತುಂಬಿಕೊಳ್ತಾರೆ. ಕುರ್ಚಿಯಲ್ಲಿ ಕೂತೋರಿಗೆ ಕಾಣೋದು ಜನರ ಬೆನ್ನು. ಹನ್ನೊಂದೂಕಾಲಿಗೇ ಕಂಬಿ ಹಿಡೀರಿ.

ಕೀಲೆಣ್ಣೆ · ಸೆಪ್ಟೆಂಬರ್ 14, ಬೆಳಿಗ್ಗೆ 11:00

ಫಿಸಿಯೋಥೆರಪಿಸ್ಟ್ ಆಗಿ ಎರಡು ಮಾತು. ಹಳೇಚಪ್ಪಲಿಯವರ ಅಪ್ಪಾಜಿ ನಡೆದು ಸೋತಿದ್ದಲ್ಲ, ನಿಂತು ಸೋತಿದ್ದು. ಕೀಲು ಸವೆದೋರಿಗೆ ನಿಧಾನಕ್ಕೆ ನಡೆಯೋದಕ್ಕಿಂತ ಒಂದೇ ಕಡೆ ನಿಲ್ಲೋದು ಎಷ್ಟೋ ಸಲ ಜಾಸ್ತಿ ಕಷ್ಟ. ಟೂರ್‌ನವರನ್ನ ಕೇಳಬೇಕಾಗಿರೋದು ಎಷ್ಟು ದೂರ ಅಂತ ಅಲ್ಲ. ಎಷ್ಟು ಹೊತ್ತು ನಿಲ್ಲಬೇಕು, ಮೆಟ್ಟಿಲೆಷ್ಟು, ಕಂಬಿ ಇದೆಯಾ, ಬಸ್ಸಿಗೆ ರ‍್ಯಾಂಪ್ ಇದೆಯಾ ಅಂತ. ಇಳಿಯೋದಕ್ಕೆ ಆಗಲ್ಲ ಅಂದ್ರಲ್ಲ, ಅದೂ ಸಹಜ. ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಮೇಲೆ ಬೀಳೋ ಒತ್ತಡ ದೊಡ್ಡದು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ರೂಢಿ ಮಾಡಿಸಿ.

ಅಮ್ಮ ಕೋಲು ಯಾವ ಕೈಯಲ್ಲಿ ಹಿಡೀತಾರೆ?

ಕಡಲಂಚು · ಸೆಪ್ಟೆಂಬರ್ 14, ಬೆಳಿಗ್ಗೆ 11:25

ಬಲಗೈ. ನೋವು ಬಲಗಾಲಿಗೇ ತಾನೇ?

ಕೀಲೆಣ್ಣೆ · ಸೆಪ್ಟೆಂಬರ್ 14, ಮಧ್ಯಾಹ್ನ 12:10

ಅನ್ಕೊಂಡೆ. ಬಂದೋರಲ್ಲಿ ಅರ್ಧಕ್ಕರ್ಧ ಜನ ಹೀಗೇ ಹಿಡಿದಿರ್ತಾರೆ. ಎಡಗೈಗೆ ಕೊಡಿ. ನೋವಿನ ಕಾಲು ಮುಂದಿಡುವಾಗ ಎದುರು ಕೈಯ ಕೋಲೂ ಜೊತೆಗೇ ಮುಂದೆ ಹೋಗಬೇಕು, ಆಗ ಭಾರ ಹಂಚಿಕೊಳ್ಳುತ್ತೆ. ಕೋಲಿನ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಲಿ. ತಳದ ರಬ್ಬರ್ ಬುಡ ಸವೆದಿದ್ರೆ ಹೋಗೋ ಮುಂಚೆ ಬದಲಾಯಿಸಿ. ಆ ಊರಿನ ಸುಣ್ಣಕಲ್ಲು ಓಡಾಡಿ ಓಡಾಡಿ ನುಣ್ಣಗಾಗಿರುತ್ತೆ, ಒಂದು ಹನಿ ಮಳೆ ಬಿದ್ದರೂ ಜಾರುತ್ತೆ.

ನೀರು. ಟಾಯ್ಲೆಟ್ ಸಿಗಲ್ಲ ಅಂತ ವಯಸ್ಸಾದೋರು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಆಮೇಲೆ ತಲೆ ಸುತ್ತಿ ಬೀಳ್ತಾರೆ, ಎಲ್ಲರೂ ಮೊಣಕಾಲಿಗೆ ಬೈತಾರೆ. ಇಳಿಯೋ ಮುಂಚೆ ಹಡಗಲ್ಲಿ ಮುಗಿಸಿ, ಮೇಲೆ ಹೋದ ತಕ್ಷಣ ಟಾಯ್ಲೆಟ್ ಎಲ್ಲಿದೆ ಅಂತ ಮೊದಲು ನೋಡಿಟ್ಟುಕೊಳ್ಳಿ. ಅದು ಗೊತ್ತಾದ್ರೆ ಅವರೇ ನೀರು ಕುಡೀತಾರೆ.

ಹಳೇಚಪ್ಪಲಿ · ಸೆಪ್ಟೆಂಬರ್ 14, ಮಧ್ಯಾಹ್ನ 2:45

ಅಪ್ಪಾಜಿನೂ ನೋವಿನ ಕಡೀನ ಹಿಡೀತಾರ ಕೋಲು. ಈಗ ಫೋನ್ ಮಾಡಿ ಹೇಳಿದೆ. ನಿನಗ ಯಾವ ಡಾಕ್ಟರ್ ಹೇಳ್ಯಾನ ಅಂತ ಬೈಸಿಕೊಂಡೆ.

ಅಲ್ರಿ ಮೂರನೇಕಾಲು ಅವರ, ಆ ಲಿಫ್ಟಿನ ತನಕ ಕುರ್ಚಿ ದಬ್ಬಿಕೊಂತ ಹೋಗೂದ್ಯಾಕ? ಟ್ಯಾಕ್ಸಿ ಮಾಡಿ ಸೀದಾ ಮ್ಯಾಲ ಹೋದ್ರ ಆತಲ್ಲ.

ಮೂರನೇಕಾಲು · ಸೆಪ್ಟೆಂಬರ್ 14, ಸಂಜೆ 4:20

ಆಗಬಹುದು. ಟರ್ಮಿನಲ್ ಹೊರಗೆ ಬಿಳೀ ಟ್ಯಾಕ್ಸಿ ನಿಂತಿರ್ತವೆ, ಹತ್ತೋ ಮುಂಚೆ ದರ ಕೇಳಿ. ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಗಳಲ್ಲೊಂದು, ಮಾತಿಗೆ ಕಷ್ಟ ಇಲ್ಲ. ಸಿಟಿ ಗೇಟ್ ಹೊರಗಿನ ಟ್ರೈಟನ್ ಕಾರಂಜಿ ಹತ್ತಿರ ಇಳಿದ್ರೆ ಸೇತುವೆ ಮೇಲೆ ಸಮತಟ್ಟಾಗಿ ಊರೊಳಗೆ ಹೋಗಬಹುದು. ಇಟಲಿಯ ವಾಸ್ತುಶಿಲ್ಪಿ ರೆಂಜೋ ಪಿಯಾನೋ ವಿನ್ಯಾಸ ಮಾಡಿದ ಬಾಗಿಲು, ಪಕ್ಕದಲ್ಲೇ ಅವನದೇ ಸಂಸತ್ ಭವನ. ನನ್ನ ಸಲಹೆ: ಹೋಗುವಾಗ ಲಿಫ್ಟ್, ಬರುವಾಗ ಟ್ಯಾಕ್ಸಿ. ಬೆಳಿಗ್ಗೆ ತಳ್ಳೋರಿಗೂ ಕೂತೋರಿಗೂ ಉತ್ಸಾಹ ಇರುತ್ತೆ. ಮಧ್ಯಾಹ್ನ ಇಬ್ಬರಿಗೂ ಇರಲ್ಲ. ಜೊತೆಗೆ ಹಡಗಿಗೆ ವಾಪಸ್ ಹೋಗೋರೆಲ್ಲ ಒಂದೇ ಹೊತ್ತಿಗೆ ಲಿಫ್ಟಿನ ಮುಂದೆ ಸಾಲು ನಿಂತಿರ್ತಾರೆ.

ಊರು ಪೂರ್ತಿ ನೋಡೋ ಆಸೆ ಬಿಡಿ. ಒಂದು ಚದರ ಕಿಲೋಮೀಟರಿಗಿಂತ ಚಿಕ್ಕ ಊರು ಅದು, ಆದರೂ ಬಿಡಿ. ತೋಟ, ಆಮೇಲೆ ಸೇಂಟ್ ಜಾನ್ ಕೋ-ಕೆಥೀಡ್ರಲ್ ಅನ್ನೋ ದೊಡ್ಡ ಚರ್ಚು, ಅಷ್ಟು ಸಾಕು. ನಾನು ಮೊದಲ ಸಲ ಹೋದದ್ದು ಭಾನುವಾರ, ಕೆಥೀಡ್ರಲ್ ಒಳಗೆ ಪ್ರವಾಸಿಗರನ್ನ ಬಿಡಲಿಲ್ಲ. ನಿಮ್ಮದು ಯಾವ ವಾರ?

ಇದನ್ನ ಕಟ್ಟಿಸಿದ ನೈಟ್‌ಗಳು ಮೂಲದಲ್ಲಿ ಆಸ್ಪತ್ರೆ ನಡೆಸೋ ಪಂಗಡದವರು. ಇದೇ ಊರಿನ ಕೆಳ ತುದಿಯಲ್ಲಿ 155 ಮೀಟರ್ ಉದ್ದದ ವಾರ್ಡ್ ಇತ್ತು, ರೋಗಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಊಟ. ರೋಗಿಗೆ ಬೆಳ್ಳಿ ತಟ್ಟೆ ಕೊಟ್ಟವರು ಕುಂಟನಿಗೆ ಮೆಟ್ಟಿಲು ಕೊಟ್ಟರಲ್ಲ ಅಂತ ನನಗೆ ಆಗಾಗ ನಗು ಬರುತ್ತೆ. 1811ರಲ್ಲಿ ಪಾದ ಸೊಟ್ಟಗಿದ್ದ ಒಬ್ಬ ಇಂಗ್ಲಿಷ್ ಕವಿ ಇಲ್ಲಿಂದ ಹೊರಡುವಾಗ ಈ ಮೆಟ್ಟಿಲ ಬೀದಿಗಳಿಗೆ ಶಾಪ ಹಾಕಿ ಪದ್ಯ ಬರೆದಿದ್ದಾನೆ. ಲಿಫ್ಟ್ ಬರೋಕೆ ಇನ್ನೂ ತೊಂಬತ್ತು ವರ್ಷ ಇತ್ತು ಪಾಪ.

ಕಡಲಂಚು · ಸೆಪ್ಟೆಂಬರ್ 14, ರಾತ್ರಿ 8:30

ಗುರುವಾರ ಸರ್, ಬಚಾವ್. ಮೆದೀನಾ ಅಂತ ಇನ್ನೊಂದು ಊರು ಚೆನ್ನಾಗಿದೆ ಅಂತಾರಲ್ಲ? ಬಸ್ಸಲ್ಲಿ ಹೋಗಬಹುದಾ? ಎದುರು ದಡಕ್ಕೆ ಬಣ್ಣದ ದೋಣಿ ಹೋಗ್ತವಂತೆ, ಅದು?

ಗಾಲಿಗೆಳತಿ · ಸೆಪ್ಟೆಂಬರ್ 15, ಬೆಳಿಗ್ಗೆ 9:15

ಎಂದೀನಾ ಅಂತ ಓದಬೇಕು ಅದನ್ನ, ಕೋಟೆ ಒಳಗಿನ ಹಳೇ ರಾಜಧಾನಿ. ನಾನು ವಿಮಾನದಲ್ಲಿ ಹೋಗಿ ನಾಲ್ಕು ದಿನ ಮಾಲ್ಟಾದಲ್ಲಿದ್ದೆ, ಆಗ ಹೋಗಿದ್ದೆ. ನನ್ನ ಚಕ್ರಕ್ಕೆ ವ್ಯಾಲೆಟಾಗಿಂತ ಹಿತವಾದ ಊರು. ಬೆಟ್ಟದ ಮೇಲಿದ್ರೂ ಒಳಗೆ ಏರಿಳಿತ ಕಡಿಮೆ, ಕಾರುಗಳೂ ಕಡಿಮೆ. ಸಿಟಿ ಗೇಟ್ ಹೊರಗಿನ ಬಸ್ ನಿಲ್ದಾಣದಿಂದ ನೆಲಮಟ್ಟದ ಬಸ್ಸುಗಳು ಹೋಗ್ತವೆ, ರ‍್ಯಾಂಪ್ ಬಿಚ್ಚಿ ಕೊಡ್ತಾರೆ. ಆದ್ರೆ ಕುರ್ಚಿಗೆ ಜಾಗ ಕಮ್ಮಿ. ಆಗಲೇ ಒಂದು ಕುರ್ಚಿ ಇತ್ತು ಅಂತ ನಾನು ಎರಡು ಬಸ್ ಬಿಟ್ಟೆ. ನಾಲ್ಕು ದಿನ ಇದ್ದೋರಿಗೆ ಅದು ಪರವಾಗಿಲ್ಲ. ಐದು ಗಂಟೆಗೆ ಹಡಗು ಹೊರಡುತ್ತೆ ಅನ್ನೋರಿಗೆ ಬೇಡ. ತೋಪಾ, ಎಂದೀನಾನಾ, ಒಂದನ್ನ ಆರಿಸ್ಕೊಳ್ಳಿ.

ಬಣ್ಣದ ದೋಣಿ ಅಂದ್ರೆ ದೈಸಾ. ಅಲುಗಾಡೋ ದೋಣಿಗೆ ಕಟ್ಟೆಯಿಂದ ಕಾಲು ಎತ್ತಿಟ್ಟು ಇಳೀಬೇಕು. ನನ್ನನ್ನ ಇಬ್ಬರು ಎತ್ತಿ ಕೂರಿಸಿದ್ರು, ನಾನು ಒಪ್ಪಿದ್ದೆ. ಅಮ್ಮನ ಮೊಣಕಾಲಿಗೆ ಬೇಡ ಅಂತ ನನ್ನ ಅನಿಸಿಕೆ.

ಕುರ್ಚಿ ಕೊಳ್ಳುವಾಗ ನೋಡಿ: ಹಿಂದೆ ಮುಂದೆ ಎರಡೂ ಕಡೆ ಚಿಕ್ಕ ಚಕ್ರ ಇರೋದು ಹಗುರ, ಆದ್ರೆ ಕಲ್ಲುಹಾಸಿನ ಸಂದಿಗೆ ಸಿಕ್ಕಿ ಕೂತೋರು ಮುಂದಕ್ಕೆ ಮುಗ್ಗರಿಸ್ತಾರೆ. ಹಿಂದೆ ದೊಡ್ಡ ಚಕ್ರ ಇರೋದೇ ತಗೊಳ್ಳಿ, ಭಾರ ಆದ್ರೂ ಪರವಾಗಿಲ್ಲ. ಫುಟ್‌ಪಾತ್ ಇಳಿಸುವಾಗ ಕುರ್ಚಿ ತಿರುಗಿಸಿ ಹಿಂದಿನ ಚಕ್ರ ಮೊದಲು. ಮನೆ ಹತ್ತಿರ ನಾಲ್ಕು ದಿನ ತಳ್ಳಿ ನೋಡಿ, ಖಾಲಿ ಕುರ್ಚಿ ಅಲ್ಲ, ನಿಮ್ಮ ಯಜಮಾನ್ರನ್ನ ಕೂರಿಸ್ಕೊಂಡು.

ಡೆಕ್ಕಿನಮೂಲೆ · ಸೆಪ್ಟೆಂಬರ್ 15, ಸಂಜೆ 6:40

ಕೊನೆಯದಾಗಿ ನಂದೊಂದು. ಐದಕ್ಕೆ ಹೊರಡುವುದು ಎಂದರೆ ನಾಲ್ಕೂವರೆಗೆ ಒಳಗಿರಬೇಕು. ಕಾಲು ಸರಿ ಇಲ್ಲದವರು ಮೂರೂವರೆಗೇ ವಾಪಸ್ ಬನ್ನಿ. ಓಡಿ ಬರುತ್ತೇವೆ ಎನ್ನುವ ಮಾತು ನಿಮಗಿಲ್ಲವಲ್ಲ. ಹಡಗಿನ ಟೂರ್ ತಡವಾದರೆ ಹಡಗು ಕಾಯ್ತದೆ, ಸ್ವಂತ ಹೋದವರಿಗೆ ಕಾಯುವುದಿಲ್ಲ.

ಮತ್ತೆ ಬೆಳಿಗ್ಗೆ ಏಳು ಗಂಟೆಗೆ ಮೊದಲೇ ಅಮ್ಮನನ್ನು ಮೇಲಿನ ಡೆಕ್ಕಿಗೆ ಕರಕೊಂಡು ಹೋಗಿ. ಹಡಗು ಗ್ರ್ಯಾಂಡ್ ಹಾರ್ಬರಿನ ಬಾಯಿಯೊಳಗೆ ಬರುವಾಗ ಒಂದು ಬದಿಯಲ್ಲಿ ವ್ಯಾಲೆಟಾ, ಇನ್ನೊಂದು ಬದಿಯಲ್ಲಿ ಸೇಂಟ್ ಏಂಜೆಲೋ ಕೋಟೆ. ಒಂಬತ್ತು ವರ್ಷದಲ್ಲಿ ನಾನು ಡ್ಯೂಟಿ ಬಿಟ್ಟು ಓಡಿ ಬಂದು ನೋಡಿದ ಬಂದರು ಅದೊಂದೇ. ಒಂದು ಮೆಟ್ಟಿಲೂ ಇಲ್ಲದೆ ಸಿಗುವ ನೋಟ.

ಕಡಲಂಚು · ಅಕ್ಟೋಬರ್ 16, ರಾತ್ರಿ 10:20

ಬಂದ್ವಿ. ವಿವರವಾಗಿ ಬರೀತಿದೀನಿ.

ಆರೂವರೆಗೆ ಡೆಕ್ ಮೇಲೆ ಹೋದ್ವಿ. ಗಾಳಿ ಅಂದ್ರೆ ಗಾಳಿ. ಅಮ್ಮ ಶಾಲು ಹೊದ್ದು ಕಂಬಿ ಹಿಡಿದು ನಿಂತಿದ್ಲು. ಕತ್ತಲಲ್ಲಿ ಗೋಡೆ ಕಾಣ್ತಿತ್ತು ಅಷ್ಟೆ. ಬಿಸಿಲು ಬಿದ್ದ ಹಾಗೆ ಆ ಕಲ್ಲು ಮೊದಲು ಬೂದಿ, ಆಮೇಲೆ ಜೇನಿನ ಬಣ್ಣ. ಹಡಗು ಒಳಗೆ ತಿರುಗುವಾಗ ಅಮ್ಮ ಪಿಸುಗುಟ್ಟಿದ್ಲು, ಇಷ್ಟು ದೊಡ್ಡದು ಇಷ್ಟು ಸಣ್ಣ ಜಾಗಕ್ಕೆ ಹೆಂಗೆ ಬಂತೇ ಅಂತ. ಡೆಕ್ಕಿನಮೂಲೆ ಅಣ್ಣ, ಇದೊಂದಕ್ಕೆ ನಿಮಗೆ ದೊಡ್ಡ ನಮಸ್ಕಾರ.

ಒಂಬತ್ತಕ್ಕೆ ಇಳಿದ್ವಿ, ಗ್ಯಾಂಗ್‌ವೇ ನಿಜವಾಗ್ಲೂ ಖಾಲಿ. ಕುರ್ಚಿ ಇತ್ತು, ಅಮ್ಮ ಕೂರಲಿಲ್ಲ. ಕೋಲು ಎಡಗೈ, ಕಂಬಿ ಬಲಗೈ, ತಾನೇ ಇಳಿದ್ಲು. ಕೆಳಗೆ ನೀರಂಚಲ್ಲಿ ಹಳೇ ಗೋದಾಮುಗಳ ಸಾಲು, ಪಿಂಟೋ ಅನ್ನೋ ಗ್ರ್ಯಾಂಡ್ ಮಾಸ್ಟರ್ (ಆ ನೈಟ್‌ಗಳ ಮುಖ್ಯಸ್ಥ) 1752ರಲ್ಲಿ ಕಟ್ಟಿಸಿದ್ದಂತೆ, 19 ಗೋದಾಮು. ಬಾಗಿಲುಗಳಿಗೆ ಒಂದೊಂದು ಬಣ್ಣ. ನೀಲಿ ಅಂದ್ರೆ ಮೀನು, ಹಳದಿ ಅಂದ್ರೆ ಗೋಧಿ, ಹಸಿರು ಅಂದ್ರೆ ತರಕಾರಿ. ನೆಲ ಸಮತಟ್ಟು, ಕೂರೋಕೆ ಜಾಗ ಬೇಕಾದಷ್ಟು. ಅಮ್ಮ ಬಾಗಿಲು ಎಣಿಸ್ತಾ ಅರ್ಧ ಗಂಟೆ ಅಲ್ಲೇ ಕಳೆದ್ಲು. ಸುಸ್ತಾದೋರು ಇಲ್ಲಿಂದ ಮುಂದೆ ಹೋಗದೇ ಇದ್ರೂ ಬೇಜಾರಿಲ್ಲ ಅನ್ಸುತ್ತೆ.

ಲಿಫ್ಟಿನವರೆಗಿನ ದಾರಿ ಬಗ್ಗೆ ಒಂದು ಎಚ್ಚರಿಕೆ. ದೂರ ಇಲ್ಲ, ಆದ್ರೆ ಫುಟ್‌ಪಾತ್ ಒಂದು ಕಡೆ ಕುರ್ಚಿಗಿಂತ ಇಕ್ಕಟ್ಟು. ರಸ್ತೆಗಿಳಿದು ತಳ್ಳಬೇಕಾಯ್ತು, ನಮ್ಮನೆಯವರು ಹಿಂದೆ ಬರೋ ಗಾಡಿಗಳಿಗೆ ಕೈ ಅಡ್ಡ ಹಿಡಿದು ನಡೆದ್ರು. ಗಾಡಿ ಎಡಗಡೆಯಲ್ಲೇ ಓಡೋದ್ರಿಂದ ಗಲಿಬಿಲಿ ಆಗಲಿಲ್ಲ, ಅದೊಂದು ಪುಣ್ಯ. ಲಿಫ್ಟಿಗೆ ಐದು ನಿಮಿಷ ಸಾಲು. ಮೇಲೆ ಬಾಗಿಲು ತೆರೆದ್ರೆ ಮರ, ಬೆಂಚು, ನೆರಳು.

ಹನ್ನೊಂದಕ್ಕೆ ಕಂಬಿ ಹಿಡಿದ್ವಿ. ಹನ್ನೆರಡು ಆಗ್ತಾ ಬಂದ ಹಾಗೆ ಹಿಂದೆ ಜನ ಒತ್ತರಿಸಿದ್ರು, ಮುಂದೆ ಅಮ್ಮ, ಅಮ್ಮನ ಮುಂದೆ ಬರೀ ಬಂದರು. ಕೆಳಗೆ ಯಾರೋ ಏನೋ ಕೂಗಿದ್ರು. ನಾನು ಫೋನ್ ಹಿಡಿದು ಕಾಯ್ತಿದ್ದೆ, ಸದ್ದಿಗೆ ಕೈ ನಡುಗಿ ವಿಡಿಯೋ ಪೂರ್ತಿ ಆಕಾಶ. ಅಮ್ಮ ಎರಡೂ ಕಿವಿ ಮುಚ್ಚಿಕೊಂಡು ಜೋರಾಗಿ ನಗ್ತಿದ್ಲು. ಎದುರು ದಡದ ಗೋಡೆಗೆ ಬಡಿದು ಸದ್ದು ವಾಪಸ್ ಬಂತು. ಇನ್ನೊಂದ್ ಸಲ ಹೊಡೀತಾರಾ ಅಂತ ಕೇಳಿದ್ಲು.

ಕೆಥೀಡ್ರಲ್‌ನಲ್ಲಿ ಒಂದು ಫಜೀತಿ ಆಯ್ತು. ನೆಲ ಪೂರ್ತಿ ಬಣ್ಣದ ಅಮೃತಶಿಲೆಯ ಗೋರಿಗಳು, ಸುಮಾರು 400, ಒಂದೊಂದರ ಮೇಲೂ ಅಸ್ಥಿಪಂಜರ, ಕಿರೀಟ, ಬರಹ. ನೆಲ ಕೆಡಬಾರದು ಅಂತ ಸೂಜಿ ಹಿಮ್ಮಡಿ ಚಪ್ಪಲಿ ಹಾಕಿದೋರನ್ನ ಒಳಗೇ ಬಿಡಲ್ಲ. ಅಮ್ಮ ಕುರ್ಚಿ ನಿಲ್ಲಿಸು ಅಂದ್ಲು. ಸತ್ತೋರ ಮೇಲೆ ಚಕ್ರ ಹತ್ತಿಸ್ತೀಯೇನೇ? ನಡಿಗೆಗೆ ಹಾಸಿರೋ ರತ್ನಗಂಬಳಿ ಬಿಟ್ಟು ಆಚೀಚೆ ಹೋಗಕೂಡದು ಅಂತ ಅಪ್ಪಣೆ ಆಯ್ತು. ಇಟಲಿಯ ಚಿತ್ರಕಾರ ಕರವಾಜ್ಜೋ 1608ರಲ್ಲಿ ಬರೆದ, ಸೇಂಟ್ ಜಾನ್ ತಲೆ ಕಡಿಯೋ ಚಿತ್ರ ಇರೋ ಪಕ್ಕದ ಕೋಣೆಗೆ ಎದ್ದು ಕೋಲೂರಿಕೊಂಡೇ ಹೋದ್ಲು. ಗೋಡೆ ತುಂಬ ಚಿತ್ರ, ಐದು ಮೀಟರಿಗಿಂತ ಅಗಲ, ಅರ್ಧಕ್ಕರ್ಧ ಬರೀ ಕತ್ತಲೆ. ಕೆಳಗೆ ಚೆಲ್ಲಿದ ರಕ್ತದಲ್ಲೇ ಅವನ ಸಹಿ. ಅಮ್ಮನಿಗೆ ಹಿಡಿಸಲಿಲ್ಲ.

ಎರಡೂವರೆಗೆ ಟ್ಯಾಕ್ಸಿ, ಮೂರಕ್ಕೆ ಕ್ಯಾಬಿನ್. ಮಾರನೇ ದಿನ ಮೊಣಕಾಲು ಊದಿತ್ತಾ ಅಂದ್ರೆ ಊದಿತ್ತು. ಅವತ್ತು ಸಮುದ್ರದ ಮೇಲೇ ಇಡೀ ದಿನ, ಐಸ್ ಇಟ್ಕೊಂಡು ಮಲಗಿದ್ಲು.

ಕೀಲೆಣ್ಣೆ · ಅಕ್ಟೋಬರ್ 17, ಬೆಳಿಗ್ಗೆ 7:30

ಊತ ಒಂದು ದಿನದಲ್ಲಿ ಇಳಿದಿದ್ರೆ ಚಿಂತೆ ಇಲ್ಲ. ಬಂದರಿನ ಮಾರನೇ ದಿನ ಸಮುದ್ರದ ದಿನ ಬರೋ ಹಾಗೆ ಕ್ರೂಸ್ ಆರಿಸಿದ್ದು ಬೇಕಂತಲಾ, ಅದೃಷ್ಟಾನಾ? ಬೇರೆಯವರು ಬೇಕಂತಲೇ ಆರಿಸಿ.

ಹಳೇಚಪ್ಪಲಿ · ಅಕ್ಟೋಬರ್ 17, ಬೆಳಿಗ್ಗೆ 9:10

ಅಕ್ಕಾರ, ಓದಿ ಭಾಳ ಖುಷಿ ಆತು. ನಾ ಹೇಳಿದ್ದು ನೀವು ಕೇಳಲಿಲ್ಲ, ಚೊಲೋ ಮಾಡಿದ್ರಿ. ಒಂದ ಹೇಳ್ರಿ, ಗ್ಯಾಂಗ್‌ವೇದಾಗ ಕೂಡಲಿಲ್ಲ ಅಂದ ಅಮ್ಮಾರು ಆಮ್ಯಾಲ ಕುರ್ಚಿಗೆ ಒಪ್ಪಿದ್ದು ಹೆಂಗ? ನಮ್ಮ ಅಪ್ಪಾಜಿಗೆ ಒಪ್ಪಸೂದು ಹೆಂಗಂತ ಅಮ್ಮಾರನ್ನ ಕೇಳಿ ಹೇಳ್ರಿ.

ಕಡಲಂಚು · ಅಕ್ಟೋಬರ್ 17, ರಾತ್ರಿ 9:00

ಅಮ್ಮ ಪಕ್ಕದಲ್ಲೇ ಕೂತು ಹೇಳಿ ಬರೆಸ್ತಿದಾಳೆ, ಹಾಗೇ ಹಾಕ್ತೀನಿ:

“ಒಪ್ಪಿಸೋಕೆ ಹೋಗ್ಬೇಡಿ. ಕುರ್ಚಿ ಮೇಲೆ ಬ್ಯಾಗು, ನೀರಿನ ಬಾಟ್ಲು, ಶಾಲು ಎಲ್ಲಾ ಇಟ್ಕೊಂಡು ಅವರ ಪಕ್ಕದಲ್ಲೇ ತಳ್ತಾ ನಡೀರಿ. ಕೂತ್ಕೊಳ್ಳಿ ಅಂತ ಒಂದು ಸಲಾನೂ ಅನ್ಬೇಡಿ. ಸುಸ್ತಾದಾಗ ತಾವೇ ಬ್ಯಾಗ್ ಎತ್ತಿ ತೊಡೆ ಮೇಲಿಟ್ಕೊಂಡು ಕೂರ್ತಾರೆ. ನಾನೂ ಆ ಬಣ್ಣದ ಬಾಗಿಲುಗಳ ಹತ್ರ ಹಂಗೇ ಕೂತಿದ್ದು. ಕೂತ್ಮೇಲೆ ಮಾತ್ರ ಹಿಂದಿಂದ ಮಾತಾಡ್ಬೇಡಿ, ಕೇಳ್ಸಲ್ಲ. ಮುಂದೆ ಬಂದು ಮಾತಾಡಿ.”